ನಾನು ಕೊಟ್ಟ ಪುರಾವೆ

ನನ್ನ ತಮ್ಮನ ಕಿವಿಯನ್ನು ನಂಬಿ ನಮ್ಮಪ್ಪ ಒಂದು ಭಾನುವಾರ ಮುಂಜಾನೆ ನಮ್ಮ ಹಿತ್ತಿಲ ಹಿಂದಿನ ಮನೆಯವರ ಬಾಗಿಲಿಗೆ ಜಗಳಕ್ಕೆ ಹೋದರು. ಹೆಗಲ ಮೇಲೆ ಟವೆಲ್ಲು, ಹಣೆಯ ಮೇಲೆ ಆಗಷ್ಟೇ ಹಚ್ಚಿದ ಹಸಿ ವಿಭೂತಿ, ಕಾಲಲ್ಲಿ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಚಪ್ಪಲಿ. ಎಪ್ಪತ್ತು ದಾಟಿದ ಮನುಷ್ಯ, ಜನ್ಮದಲ್ಲಿ ಯಾರ ಮೇಲೂ ದನಿ ಏರಿಸಿದವರಲ್ಲ. ಏನು ಅನಾಹುತ ಆಗುತ್ತದೋ ಎಂದು ನಾನು ಅವರ ಹಿಂದೆಯೇ ಓಡಿದೆ. ಹೋಗಿ ನೋಡಿದರೆ ಆ ಬಾಗಿಲಿಗೆ ಅಂಗೈಯಗಲದ ಬೀಗ ಬಿದ್ದಿತ್ತು.

ಪಕ್ಕದ ಅಂಗಳದಲ್ಲಿ ಭಾಂಡೆ ತಿಕ್ಕುತ್ತಿದ್ದ ಹೆಣ್ಣುಮಗಳು ತಲೆಯೆತ್ತಿ, "ಯಾರನ್ನ ಕೇಳಾಕತ್ತೀರಿ ಅಜ್ಜಾರ? ಅವರು ಮಗಳ ಬಾಣಂತನಕ್ಕಂತ ಬೆಳಗಾವಿಗೆ ಹೋಗಿ ಹತ್ತ ದಿನಾ ಆತಲ್ರಿ" ಎಂದಳು.

ಹತ್ತು ದಿನ! ಹಿಂದಿನ ದಿನ ಸಂಜೆಯಷ್ಟೇ ತಮ್ಮ ನಮ್ಮ ಹಿತ್ತಿಲಲ್ಲಿ ನಿಂತು, ಆ ಮನೆಯೊಳಗೆ ಇಬ್ಬರು ಗಂಡಸರು ತನ್ನ ಬಗ್ಗೆ ಆಡುತ್ತಿದ್ದ ಮಾತನ್ನು ನಮಗೆ ಸಾಲುಸಾಲಾಗಿ ಹೇಳಿದ್ದ. 'ಈಗ ಹೊರಗ ಬಂದ ನೋಡು', 'ಈಗ ನೀರ ಕುಡದ', 'ಇಂಥಾವ ಇದ್ದರೇನು, ಸತ್ತರೇನು'. ಅವನ ಮುಖ ಬಿಳಿಚಿಕೊಂಡಿತ್ತು, ಹಣೆಯಲ್ಲಿ ಬೆವರು. ನಮಗೆ ಏನೂ ಕೇಳಿಸಲಿಲ್ಲ. ಆದರೂ ಅಪ್ಪ, ನಾನು ಇಬ್ಬರೂ ನಂಬಿದೆವು. ನಗಬೇಡಿ, ನಮ್ಮ ಜಾಗದಲ್ಲಿದ್ದರೆ ನೀವೂ ನಂಬುತ್ತಿದ್ದಿರಿ.

ಯಾಕೆಂದರೆ ಅವನ ಕಿವಿ ಅಂಥದು. ರಾಯಾಪುರದ ರಸ್ತೆ ಬದಿಯ ಒಂದು ಶೆಡ್ಡಿನಲ್ಲಿ ಅವನದು ಮೋಟಾರ್ ರಿವೈಂಡಿಂಗ್, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಕೆಲಸ. ಓಡುತ್ತಿರುವ ಮೋಟಾರಿಗೆ ಸ್ಕ್ರೂಡ್ರೈವರಿನ ತುದಿ ಹಚ್ಚಿ, ಅದರ ಹಿಡಿಯನ್ನು ಕಿವಿಗೆ ಒತ್ತಿ ಒಂದು ನಿಮಿಷ ಕಣ್ಣು ಮುಚ್ಚಿದನೆಂದರೆ, "ಹಿಂದಿನ ಬೇರಿಂಗ್ ಹೋಗೇತಿ" ಎಂದು ಹೇಳಿಬಿಡುತ್ತಿದ್ದ. ಬಿಚ್ಚಿ ನೋಡಿದರೆ ಅದೇ. ಹೆಬ್ಬಳ್ಳಿಯ ರೈತರು ಪಂಪು ಹೇರಿಕೊಂಡು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. "ನಮ್ಮ ಹುಡುಗನ ಕಿವಿಗೆ ಸುಳ್ಳ ಗೊತ್ತಿಲ್ಲ" ಎಂದು ಅಪ್ಪ ಬಂದವರ ಮುಂದೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಮನೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ, ನಾವು ಮೂವರೇ. ಅಪ್ಪ ಹತ್ತಿ ದಲಾಲರ ಅಂಗಡಿಯಲ್ಲಿ ದುಡಿದು ನಿವೃತ್ತರಾದವರು. ಅವ್ವ ತೀರಿಹೋಗಿ ಆಗಲೇ ಆರು ವರ್ಷವಾಗಿತ್ತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮದುವೆಯಾಗಲಿಲ್ಲ, ಆ ಕಥೆ ಇಲ್ಲಿ ಬೇಡ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ನನ್ನ ಬಗ್ಗೆ ಹೇಳುತ್ತಾರೆ, ಅದೇನೂ ಸುಳ್ಳಲ್ಲ. ತಮ್ಮ ನನಗಿಂತ ಹನ್ನೊಂದು ವರ್ಷ ಸಣ್ಣವನು. ಅವ್ವನಿಗೆ ಆಗಾಗ ಮೈಗೆ ಆರಾಮ ಇರುತ್ತಿರಲಿಲ್ಲವಾಗಿ ಅವನಿಗೆ ತುತ್ತು ಮಾಡಿ ಉಣ್ಣಿಸಿದವಳು ನಾನೇ.

ಬೀಗ ನೋಡಿಕೊಂಡು ಮನೆಗೆ ಬಂದವಳೇ ನಾನು, "ತಮ್ಮಾ, ಅಲ್ಲಿ ಯಾರೂ ಇಲ್ಲೋ. ಹತ್ತ ದಿನದಿಂದ ಬೀಗ ಐತಿ" ಎಂದೆ. ಅಬ್ಬಾ, ಒಂದು ದೊಡ್ಡ ತಪ್ಪು ತಿಳಿವಳಿಕೆ ಮುಗಿಯಿತು ಎಂದುಕೊಂಡಿದ್ದೆ.

ಅವನು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣ ಮುಂದಿದೆ. ಲೆಕ್ಕ ತಪ್ಪಿದ ಹುಡುಗಿಯನ್ನು ನಾನು ತರಗತಿಯಲ್ಲಿ ನೋಡುತ್ತೇನಲ್ಲ, ಹಾಗೆ ನೋಡಿದ. "ಬೀಗ ಹೊರಗ ಹಾಕ್ಯಾರ ಅಕ್ಕಾ. ಒಳಗ ಅದಾರ. ಇಲ್ಲಂತ ನಾವು ತಿಳೀಲಿ ಅಂತ ಹಾಕ್ಯಾರ" ಎಂದ.

ಅಪ್ಪ ಗೋಡೆ ಹಿಡಿದುಕೊಂಡು ಕೆಳಗೆ ಕೂತರು.

ಅಲ್ಲಿಂದ ಮುಂದೆ ಎಲ್ಲವೂ ಬೇಗ ಬೇಗ ಕೆಟ್ಟಿತು. ಹಿಂದಿನ ಮನೆಯವರು ಬೆಳಗಾವಿಯಿಂದ ಮರಳಿದರು. ಪಾಪ, ಮಿಷನ್ ಸಾಲೆಯಲ್ಲಿ ಕಲಿಸಿ ನಿವೃತ್ತರಾದ ಗಂಡ ಹೆಂಡತಿ. ಭಾನುವಾರ ಚರ್ಚಿಗೆ ಹೋಗುವಾಗ ನಮಗೆ ಕೈಮುಗಿದೇ ಹೋಗುವವರು. ತಮ್ಮ ಅವರ ಮುಖ ನೋಡುವುದನ್ನೇ ಬಿಟ್ಟ. ನಮ್ಮ ನಳದ ನೀರಿಗೆ ಅವರು ಏನೋ ಬೆರೆಸುತ್ತಿದ್ದಾರೆ ಎಂದ. ಆಮೇಲೆ ಆ ನೀರಿನಲ್ಲಿ ಬೇಯಿಸಿದ ಅಡಿಗೆ ಬೇಡ ಎಂದ. ಆಮೇಲೆ, ನೀರೊಂದೇ ಅಲ್ಲ, ನಮ್ಮ ಮನೆಯ ಒಳಗೇ ಯಾರೋ ಅವರ ಮಾತು ಕೇಳಿ ಊಟಕ್ಕೆ ಹಾಕುತ್ತಿದ್ದಾರೆ ಎಂದ. ಮನೆಯಲ್ಲಿ ಅಡಿಗೆ ಮಾಡುವವಳು ಇನ್ಯಾರು? ನಾನು.

"ಏನಂದಿ? ನಾ ನಿನಗ ವಿಷಾ ಹಾಕ್ತೇನಿ?" ಎಂದು ತಾಟು ನೆಲಕ್ಕೆ ಕುಕ್ಕಿದೆ. ಕೂಗಾಡಿದೆ, ಅತ್ತೆ. ಅವನ ಕಣ್ಣೆದುರಿಗೇ ಅವನ ತಾಟಿನ ರೊಟ್ಟಿ ಮುರಿದು ತಿಂದು ತೋರಿಸಿದೆ. "ನಿನಗ ಏನೂ ಆಗೂದಿಲ್ಲ. ಅದು ನನಗ ಒಬ್ಬಾಂವಗ ಆಗೂಹಂಗ ಮಾಡಿದ್ದು" ಎಂದ. ಇಂಥ ಮಾತಿಗೆ ಯಾವ ವಿಜ್ಞಾನ ಶಿಕ್ಷಕಿ ಏನು ಉತ್ತರ ಕೊಡಬೇಕು?

ನಮ್ಮ ಹುಬ್ಬಳ್ಳಿಯಲ್ಲಿ ಯಾರಾದರೂ ಹುಚ್ಚುಹುಚ್ಚಾಗಿ ಆಡಿದರೆ, "ಇವನ್ನ ಧಾರವಾಡಕ್ಕ ಒಯ್ರಿ" ಎಂದು ಚೇಷ್ಟೆ ಮಾಡುತ್ತಾರೆ. ಮಾನಸಿಕ ರೋಗದ ಆಸ್ಪತ್ರೆ ಧಾರವಾಡದಲ್ಲಿ ಇರುವುದರಿಂದ ಬಂದ ಮಾತು. ನಾನೂ ತರಗತಿಯಲ್ಲಿ ಎಷ್ಟೋ ಮಕ್ಕಳಿಗೆ ಹಾಗೆ ಅಂದು ನಗಿಸಿದ್ದೇನೆ. ಈಗ ಅಪ್ಪ, ನಾನು ಸೇರಿ ತಮ್ಮನನ್ನು ಖರೇನೇ ಧಾರವಾಡಕ್ಕೆ ಕರೆದೊಯ್ದೆವು, ಅಲ್ಲಿಯ ಒಬ್ಬ ಖಾಸಗಿ ಡಾಕ್ಟರ ಹತ್ತಿರ. "ನಿದ್ದಿ ಬರವಲ್ದಲ್ಲ, ಅದಕ್ಕ ತೋರ್ಸೂಣು" ಎಂದು ಹೇಳಿ ಒಪ್ಪಿಸಿದ್ದೆವು. ಅವನು ಬಸ್ಸಿನಲ್ಲಿ ಕಿಟಕಿಗೆ ಮುಖ ಹಚ್ಚಿ ಕೂತಿದ್ದ. ರಾಯಾಪುರ ದಾಟುವಾಗ ತನ್ನ ಶೆಡ್ಡಿನ ಕಡೆ ತಿರುಗಿಯೂ ನೋಡಲಿಲ್ಲ.

ಡಾಕ್ಟರು ಒಂದು ತಾಸು ಅವನೊಬ್ಬನನ್ನೇ ಕೂರಿಸಿಕೊಂಡು ಮಾತಾಡಿದರು. ಆಮೇಲೆ ನನ್ನನ್ನು ಒಳಗೆ ಕರೆದು, ಬೀಗದ್ದು, ರೊಟ್ಟಿಯದು ಎಲ್ಲ ಕೇಳಿಕೊಂಡು ಸ್ಕಿಜೋಫ್ರೇನಿಯಾ ಎಂದರು. ಆ ಶಬ್ದ ಕೇಳಿದ್ದೆ. ಹಾಗೆಂದರೆ ಒಬ್ಬ ಮನುಷ್ಯನಲ್ಲಿ ಇಬ್ಬರು ಇರುವುದು ಎಂದು ತಿಳಿದಿದ್ದೆ. ಅಲ್ಲವೇ ಅಲ್ಲ ಎಂದರು.

"ಇಲ್ಲಿ ಎರಡು ಬ್ಯಾರೆ ಬ್ಯಾರೆ ಸಂಗತಿ ಅದಾವ ಅಕ್ಕಾರ, ಕೂಡಿಸಿ ಗೊಂದಲಾ ಮಾಡ್ಕೋಬ್ಯಾಡ್ರಿ" ಎಂದರು. "ಯಾರೂ ಮಾತಾಡಲಾರದ ಮಾತು ಕೇಳೂದು ಒಂದು. ಇದಕ್ಕ ನಾವು ಭ್ರಾಂತಿ ಅಂತೀವಿ. ಇದು ಇಂದ್ರಿಯದ್ದು. ಕಿವಿಗೆ ಕೇಳಬಹುದು, ಕಣ್ಣಿಗೆ ಕಾಣಬಹುದು, ಮೂಗಿಗೆ ವಾಸನಿ ಬರಬಹುದು. ಹೊರಗ ಏನೂ ಇರೂದಿಲ್ಲ. ಆದ್ರ ಅವ ಸುಳ್ಳ ಹೇಳಾಕತ್ತಿಲ್ಲ. ನನ್ನ ಮಾತು ಈಗ ನಿಮಗ ಹೆಂಗ ಕೇಳಾಕತ್ತೈತಿ, ಆ ದನಿ ಅವಗ ಹಂಗ ಕೇಳತೈತಿ."

"ಮತ್ತ ಎರಡನೇದು?"

"ಬೀಗ ಕಣ್ಣಿಲೆ ನೋಡಿ ಬಂದು ಹೇಳಿದ್ರೂ 'ಒಳಗ ಅದಾರ' ಅಂದ್ನಲ್ಲ, ಅದು. ಅದು ಭ್ರಮೆ. ಅದು ಕಿವೀದೂ ಅಲ್ಲ, ಕಣ್ಣಿಂದೂ ಅಲ್ಲ, ನಂಬಿಕಿ. ಪುರಾವೆ ಇಲ್ಲದ ನಂಬಿಕಿ. ಉಲ್ಟಾ ಪುರಾವೆ ತಂದು ಮುಂದ ಇಟ್ಟರೂ ಅಲ್ಲಾಡೂದಿಲ್ಲ. ನೀವು ರೊಟ್ಟಿ ತಿಂದು ತೋರ್ಸಿದ್ರಿ, ಏನಾತು? ಆ ರೊಟ್ಟೀನೂ ತನ್ನ ನಂಬಿಕಿ ಒಳಗ ಸೇರಿಸ್ಕೊಂಡ."

ಇಪ್ಪತ್ತು ವರ್ಷ ಮಕ್ಕಳಿಗೆ ಪಂಚೇಂದ್ರಿಯದ ಪಾಠ ಮಾಡಿದವಳು ನಾನು. ಹೊರಗೆ ಶಬ್ದವಾಗುತ್ತದೆ, ಕಿವಿಯ ತಮಟೆ ಕಂಪಿಸುತ್ತದೆ, ಮೆದುಳಿಗೆ ಮುಟ್ಟುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ಬಾಣ ಎಳೆಯುತ್ತಿದ್ದೆ. ಹೊರಗೆ ಏನೂ ಇಲ್ಲದೆ ಬರೀ ಕೊನೆಯ ತುದಿಯೊಂದೇ ತಾನಾಗಿ ಮಾತಾಡಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

ಗುಳಿಗೆ ಬರೆದುಕೊಟ್ಟರು. ದನಿಗಳು ಮೊದಲು ಕಡಿಮೆಯಾಗಬಹುದು, ನಂಬಿಕೆ ಸಡಿಲಾಗಲು ಹೆಚ್ಚು ದಿನ ಹಿಡಿಯಬಹುದು ಎಂದರು. ಅವನ ಜೊತೆ ವಾದ ಮಾಡಬೇಡಿ, ಹೌದು ಹೌದು ಎಂದು ಸುಳ್ಳು ತಾಳವನ್ನೂ ಹಾಕಬೇಡಿ ಎಂದರು. ಹೊರಡುವಾಗ ಬಾಗಿಲಲ್ಲಿ ಮತ್ತೆ ನಿಲ್ಲಿಸಿದರು.

"ಗುಳಿಗಿ ಒಲ್ಲೆ ಅಂದ್ರ ನನಗ ಬಂದು ಹೇಳ್ರಿ, ಬ್ಯಾರೆ ದಾರಿ ಅದಾವ. ಊಟದಾಗ ಕದ್ದು ಮಾತ್ರ ಹಾಕಬ್ಯಾಡ್ರಿ."

"ಇಲ್ಲ ಬಿಡ್ರಿ ಸಾಹೇಬ್ರ, ನಾ ಯಾಕ ಹಾಕ್ಲಿ?" ಎಂದೆ.

ನಾಲ್ಕು ದಿನ ತೆಗೆದುಕೊಂಡ. ಐದನೇ ದಿನ ಗುಳಿಗೆಯ ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದು ನೋಡಿ, ಇದು ಅವರೇ ಕಳಿಸಿದ್ದು ಎಂದು ಕಿಟಕಿಯಿಂದ ಎಸೆದ. ಊಟ ಅದಕ್ಕೂ ಮೊದಲೇ ಬಿಟ್ಟಿದ್ದ. ಹೊರಗಿನ ಬಿಸ್ಕಿಟು, ಬಾಳೆಹಣ್ಣು, ಅಷ್ಟೇ. ಅಂಗಿಯೊಳಗೆ ಎಲುಬು ಕಾಣತೊಡಗಿತು. ಮೂವತ್ತೆರಡರ ಗಂಡಸು ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದ. ಹೀಗೇ ಆದರೆ ಹುಡುಗ ಉಳಿಯುವುದಿಲ್ಲ ಎಂದು ನನಗೆ ಜೀವ ಹಾರಿತು.

ದಾರಿ ಕಂಡುಹಿಡಿದವರು ಅಪ್ಪ. ಅಪ್ಪ ದಿನಕ್ಕೆ ಎರಡು ಸಲ ಇಷ್ಟಲಿಂಗ ಪೂಜೆಗೆ ಕೂರುವವರು. ಲಿಂಗಕ್ಕೆ ತೋರಿಸದೆ ನೀರನ್ನೂ ಬಾಯಿಗೆ ಹಾಕುವವರಲ್ಲ. ಒಂದು ಸಂಜೆ ಪೂಜೆ ಮುಗಿಸಿ ಮಗನನ್ನು ಕರೆದು, "ಇದು ಲಿಂಗಕ್ಕ ತೋರ್ಸಿದ ಪ್ರಸಾದ ಐತಿ ಮಗನ. ಇದರಾಗ ಯಾರೂ ಏನೂ ಮಾಡಾಕ ಬರೂದಿಲ್ಲ. ಇದನ್ನರೆ ತಿನ್ನು" ಎಂದು ಬಟ್ಟಲು ಕೈಯಲ್ಲಿಟ್ಟರು. ಅವನು ಬಹಳ ಹೊತ್ತು ಅಪ್ಪನ ಮುಖ ನೋಡಿದ. ಆಮೇಲೆ ತಿಂದ. ಪೂರ್ತಿ ತಿಂದ! ನಾನು ಅಡಿಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತ ಸೆರಗಿನಲ್ಲಿ ಬಾಯಿ ಒತ್ತಿಕೊಂಡು ಅತ್ತೆ.

ಮರುದಿನದಿಂದ ಅಪ್ಪ ಎರಡೂ ಹೊತ್ತು ದೊಡ್ಡ ನೈವೇದ್ಯ ಮಾಡಿಸತೊಡಗಿದರು. ಮುಂಜಾನೆ ಹಾಲು, ಹಣ್ಣು, ಅವಲಕ್ಕಿ. ಸಂಜೆ ಗೋದಿ ರವೆ, ಬೆಲ್ಲದ ಸಜ್ಜಕ, ಮೇಲೆ ತುಪ್ಪ. ಮೂವರಿಗೂ ಬೇರೆ ಬೇರೆ ಬಟ್ಟಲು. ತಮ್ಮನದು ಅವನ ಹೆಸರು ಕೊರೆಸಿದ, ಸಣ್ಣವನಿದ್ದಾಗಿನ ಬಟ್ಟಲು. ನಾನು ಮಾಡಿ ಒಯ್ದು ಇಡುವುದು, ಅಪ್ಪ ಲಿಂಗಕ್ಕೆ ತೋರಿಸುವುದು, ಅವನು ಅಪ್ಪನ ಕೈಯಿಂದ ಇಸಿದುಕೊಂಡು ತಿನ್ನುವುದು. ಇಡೀ ಲೋಕದಲ್ಲಿ ಅವನು ಹೆದರದೆ ಬಾಯಿಗೆ ಹಾಕುತ್ತಿದ್ದದ್ದು ಅದೊಂದನ್ನೇ.

ಆಗ ನಾನು ಡಾಕ್ಟರ ಬಳಿ ಹೋಗಬೇಕಿತ್ತು. ಹೋಗಲಿಲ್ಲ. ಮತ್ತೆ ರಜೆ ಹಾಕಬೇಕು, ಮತ್ತೆ ಹೆಡ್ ಮಾಸ್ತರರಿಗೆ ಕಾರಣ ಹೇಳಬೇಕು, ಓಣಿಯವರು ಮತ್ತೆ ಧಾರವಾಡಕ್ಕೇ ಏನು ಎಂದು ಕೇಳುತ್ತಾರೆ. ನಾಚಿಕೆ, ಬೇರೇನಲ್ಲ. ಸ್ಟಾಫ್ ರೂಮಿನಲ್ಲಿ ಒಬ್ಬಾಕೆಗೆ ಮಾತ್ರ ಹೇಳಿಕೊಂಡೆ. "ಅಯ್ಯ, ಅಷ್ಟಕ್ಕ ಯಾಕ ಅಳ್ತೀರಿ? ನಮ್ಮ ಮಾವಾರಿಗೆ ನಾವು ಚಾದಾಗ ಹಾಕಿ ಕೊಡ್ತಿದ್ವಿ. ಆರಾಮ ಆದ್ರು. ಏನ ಆಗೂದಿಲ್ಲ, ಹಾಕ್ರಿ" ಎಂದಳು.

ಅದೇ ಸಂಜೆ ಡಾಕ್ಟರ ಬರಹ ತೋರಿಸಿ ಗುಳಿಗೆ ಕೊಂಡು ತಂದು ಹಾಕಿದೆ. ಎರಡು ಚಮಚೆಗಳ ನಡುವೆ ಗುಳಿಗೆ ಇಟ್ಟು ಪುಡಿ ಮಾಡಿ, ಅವನ ಬಟ್ಟಲಿನ ಸಜ್ಜಕದಲ್ಲಿ ಕಲಸಿ, ಮೇಲೆ ತುಪ್ಪ ಬಿಟ್ಟೆ. ಅದನ್ನು ಒಯ್ದು ಪೂಜೆಯ ಮುಂದೆ ಇಟ್ಟೆ. ಅಪ್ಪ ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿ ಕೂತಿದ್ದರು. ನನ್ನ ಕೈ ನಡುಗಲಿಲ್ಲ. ಈಗ ನೆನೆಸಿಕೊಂಡರೆ ಅದೇ ನನಗೆ ದೊಡ್ಡ ಆಘಾತ.

ಮೂರನೇ ವಾರ ತಮ್ಮ ನನ್ನ ಹತ್ತಿರ ತಾನಾಗಿಯೇ ಬಂದು ನಿಂತ. "ಅಕ್ಕಾ, ಆ ಇಬ್ಬರೂ ಈಗ ಮಾತಾಡವಲ್ರು. ನಿನ್ನೇನೂ ಇಲ್ಲ, ಇವತ್ತೂ ಇಲ್ಲ" ಎಂದ. ನನಗೆ ಕುಣಿಯುವಷ್ಟು ಸಂತೋಷವಾಯಿತು. "ಹೌದೇನೋ! ನೋಡಿದೇನ, ಯಾರೂ ಇರಲೇ ಇಲ್ಲ ಅಲ್ಲಿ" ಎಂದೆ.

"ಇದ್ರು. ಈಗ ಮಾತಾಡೂ ಕೆಲಸಾ ಇಲ್ಲ ಅವರಿಗೆ" ಎಂದ ಅವನು, ದನಿ ತಗ್ಗಿಸಿ. "ಅವರ ಕೆಲಸಾ ಆತು. ನನ್ನ ಕೈ ನೋಡು."

ಕೈ ಸಣ್ಣಗೆ ನಡುಗುತ್ತಿತ್ತು. ಬಾಯಿ ಒಣಗುತ್ತದೆ, ಹಗಲೆಲ್ಲ ಕಣ್ಣು ಎಳೆಯುತ್ತದೆ, ಕಾಲು ಭಾರ ಎಂದ. ಏನೋ ಹಾಕುತ್ತಿದ್ದಾರೆ, ಅದು ಈಗ ಮೈಗೆ ಏರಿದೆ ಎಂದ. ಅವೆಲ್ಲ ಗುಳಿಗೆಯ ಪರಿಣಾಮ. ಡಾಕ್ಟರು ಮೊದಲೇ ಹೇಳಿದ್ದರು. ದನಿಗಳು ಹೋಗಿದ್ದವು, ನಂಬಿಕೆ ಹೋಗಿರಲಿಲ್ಲ. ಅಷ್ಟೇ ಅಲ್ಲ, ಆ ನಂಬಿಕೆಗೆ ನಾನೇ ದಿನಾ ಸಂಜೆ ತುಪ್ಪ ಹಾಕಿ ಮೇವು ತಿನ್ನಿಸುತ್ತಿದ್ದೆ. ಅಲ್ಲಿಗಾದರೂ ನಿಲ್ಲಿಸಿದೆನೇ? ಇಲ್ಲ. ಇನ್ನು ಸ್ವಲ್ಪ ದಿನ, ನಂಬಿಕೆಯೂ ಹೋಗಿಬಿಡುತ್ತದೆ ಎಂದು ಮುಂದುವರಿಸಿದೆ. ದಿನಾ ಅವನ ಬಟ್ಟಲು ತೊಳೆದಿಟ್ಟಷ್ಟು ಸ್ವಚ್ಛವಾಗಿ ಅಡಿಗೆಮನೆಗೆ ಬರುತ್ತಿತ್ತು. ಅದನ್ನು ನೋಡಿ ಸಮಾಧಾನಪಟ್ಟುಕೊಂಡು ಟ್ಯೂಷನ್ ಮಕ್ಕಳ ಮುಂದೆ ಹೋಗಿ ಕೂರುತ್ತಿದ್ದೆ.

ಎರಡು ತಿಂಗಳು ಆಗುತ್ತ ಬಂದಿತ್ತು. ಅಪ್ಪ ಯಾಕೋ ಹಗಲು ಕೂತಲ್ಲೇ ತೂಕಡಿಸತೊಡಗಿದರು. ವಯಸ್ಸು, ಮೇಲೆ ದಿನಾ ನುಂಗುವ ಬಿಪಿ ಗುಳಿಗೆ ಎಂದುಕೊಂಡೆ. ಒಂದು ಮುಂಜಾನೆ ಬಚ್ಚಲುಮನೆಯಲ್ಲಿ ಧಡ್ ಎಂದು ಸಪ್ಪಳವಾಯಿತು. ನಾನು ಓಡಿ ಹೋಗುವಷ್ಟರಲ್ಲಿ ತಮ್ಮ ಒಳಗಿದ್ದ. ಅಪ್ಪ ನೆಲದ ಮೇಲೆ ಬಿದ್ದಿದ್ದರು, ತಲೆ ಒಡೆದು ರಕ್ತ ಹರಿಯುತ್ತಿತ್ತು, ಬಲಗೈ ಮೈಕೆಳಗೆ ಸೊಟ್ಟಗೆ ಸಿಕ್ಕಿಕೊಂಡಿತ್ತು. "ಲಗೂ ಆಟೋ ಕರಿ ಅಕ್ಕಾ" ಎಂದು ಕೂಗಿದ ತಮ್ಮ, ಆ ಬಡಕಲು ಮೈಯಲ್ಲೇ ಅಪ್ಪನನ್ನು ಎತ್ತಿಕೊಂಡು ಬಂದ.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು, ಸಣ್ಣ ವಯಸ್ಸಿನ ಹೆಣ್ಣುಮಗಳು, ಅಪ್ಪನ ಕಣ್ಣಿಗೆ ಬ್ಯಾಟರಿ ಹಾಕಿ ನೋಡಿದಳು, ಬಿಪಿ ನೋಡಿದಳು, ಮತ್ತೊಮ್ಮೆ ನೋಡಿದಳು. "ಬಿಪಿ ಭಾಳ ಇಳದೈತಿ. ಅಜ್ಜಾರು ಬಿಪಿ ಗುಳಿಗಿ ಬಿಟ್ಟು ಬ್ಯಾರೆ ಏನರೆ ತೊಗೋತಾರೇನ್ರಿ? ನಿದ್ದೀದು, ತಲೀದು?"

"ಏನೂ ಇಲ್ರಿ" ಎಂದೆ ನಾನು.

"ಸರಿಯಾಗಿ ನೆನಪ ಮಾಡ್ಕೊಂಡ ಹೇಳ್ರಿ. ಗೊತ್ತಿಲ್ಲದ ಔಷಧ ಹೊಟ್ಟ್ಯಾಗ ಇದ್ರ ನಾವು ಕೊಡೂ ಔಷಧ ತ್ರಾಸ ಮಾಡತೈತಿ."

ನಾನು ಅಪ್ಪನ ಕಿವಿಯ ಹತ್ತಿರ ಬಾಗಿ, "ಅಪ್ಪಾ, ನಿನ್ನೆ ಏನೇನ ತಿಂದಿ, ಹೇಳು" ಎಂದೆ. ಅರೆಗಣ್ಣು ತೆರೆದು, ನಾಲಿಗೆ ಹೊರಳದೆ, ಅವರು ನಿಧಾನ ಹೇಳಿದರು. "ಬ್ಯಾರೆ ಏನ ತಿನ್ಲಿ ಯವ್ವಾ... ನನ್ನ ಪ್ರಸಾದ. ಮತ್ತ ತಮ್ಮ ಉಳಿಸಿದ್ದು. ತಿಂಗಳಾತು, ಅರ್ಧಾ ಬಿಡ್ತಾನ ಅವ, ಬಾಯಿ ಒಣಗತೈತಂತ. ಲಿಂಗಕ್ಕ ತೋರ್ಸಿದ್ದು... ಚೆಲ್ಲಾಕ ಬರತೈತೇನು?"

ಶಿವನೇ! ಹುಟ್ಟಿದಾಗಿನಿಂದ ನೋಡಿದ್ದೇನೆ. ಅಪ್ಪ ಪ್ರಸಾದದ ಒಂದಗುಳನ್ನೂ ಚೆಲ್ಲುವವರಲ್ಲ. ತಾಟು ತೊಳೆದ ನೀರನ್ನೂ ಕುಡಿದು ಏಳುವವರು. ನಾವು ಸಣ್ಣವರಿದ್ದಾಗ ಬಿಟ್ಟದ್ದನ್ನೂ ಕೈಯೊಡ್ಡಿ ಇಸಿದುಕೊಂಡು ತಿನ್ನುತ್ತಿದ್ದರು, ಪ್ರಸಾದದಲ್ಲಿ ಎಂಜಲು ಎಲ್ಲಿಯದು ಎನ್ನುತ್ತಿದ್ದರು. ಮನೆಯ ನಡುವೆ ಗೋಡೆಯಷ್ಟು ಗಟ್ಟಿಯಾಗಿ ನಿಂತ ಈ ಪದ್ಧತಿ, ಬಟ್ಟಲಿಗೆ ಗುಳಿಗೆ ಹಾಕುವಾಗ ನನಗೆ ಒಂದೇ ಒಂದು ದಿನವೂ ನೆನಪಾಗಲಿಲ್ಲ. ಬಟ್ಟಲು ಅಷ್ಟು ಸ್ವಚ್ಛವಾಗಿ ಬರುತ್ತಿದ್ದದ್ದು ಯಾಕೆಂದು ಈಗ ತಿಳಿಯಿತು.

ತಮ್ಮ ಮಂಚದ ಕಾಲ್ದೆಸೆಯಲ್ಲೇ ನಿಂತಿದ್ದ. ಅಂಗಿಗೆಲ್ಲ ಅಪ್ಪನ ರಕ್ತ. ಡಾಕ್ಟರನ್ನು ಹೊರಗೆ ಕರೆದು ಹೇಳೋಣವೆಂದು ಕಣ್ಸನ್ನೆ ಮಾಡಿದೆ. ಆಕೆಗೆ ತಿಳಿಯಲಿಲ್ಲ. "ಲಗೂ ಹೇಳ್ರಿ" ಎಂದು ಗದರಿದಳು. ಒಂದು ಕಡೆ ಅಪ್ಪನ ಜೀವ, ಇನ್ನೊಂದು ಕಡೆ ಇವನು. ಹೇಳಿದೆ. ಗುಳಿಗೆಯ ಹೆಸರು ಹೇಳಿದೆ, ಎಷ್ಟು ಶಕ್ತಿಯದು ಹೇಳಿದೆ, ಯಾರಿಗೆಂದು ಬರೆದುಕೊಟ್ಟದ್ದು, ಯಾವುದರಲ್ಲಿ ಹಾಕುತ್ತಿದ್ದೆ, ಎಲ್ಲ ಹೇಳಿದೆ.

ಅವನು ಕೂಗಾಡಲಿಲ್ಲ. ನನ್ನ ಮೈಮೇಲೆ ಬಂದಿದ್ದರೂ ಚೆನ್ನಾಗಿತ್ತು. ಮಂಚದ ಸರಳು ಹಿಡಿದುಕೊಂಡು ಮೆಲ್ಲಗೆ ಕೆಳಗೆ ಕೂತ.

"ನಾ ಹೇಳಿದ್ನಿ" ಎಂದ. "ಇಷ್ಟ ದಿನಾ ಹೇಳಿದ್ನಿ, ಊಟದಾಗ ಏನೋ ಹಾಕಾಕತ್ತಾರ ಅಂತ. ಹುಚ್ಚ ಅಂದ್ರಿ."

ಅಪ್ಪ ಉಳಿದರು. ತಲೆಗೆ ಹೊಲಿಗೆ, ಕೈಗೆ ಪ್ಲಾಸ್ಟರು. ಮೂರನೇ ದಿನ ಎಲ್ಲ ತಿಳಿದ ಮೇಲೆ ನನಗೆ ಒಂದು ಬೈಗುಳವನ್ನೂ ಕೊಡಲಿಲ್ಲ. ಎಡಗೈಯಿಂದ ಕೊರಳಿನ ಲಿಂಗವನ್ನು ಮುಟ್ಟಿಕೊಂಡು, "ಇವಗೂ ತಿನಿಸಿದೆಲ್ಲ ಯವ್ವಾ" ಎಂದು ಗೋಡೆಯ ಕಡೆ ತಿರುಗಿದರು. ನಾನು ಆಸ್ಪತ್ರೆಯ ಹೊರಗೆ ಬಂದು ಆಟೋಗಳ ನಡುವೆ ನಿಂತು ಗಟ್ಟಿಯಾಗಿ ಅತ್ತೆ.

ತಮ್ಮ ಮನೆಗೆ ಬರಲಿಲ್ಲ. ರಾಯಾಪುರದ ಶೆಡ್ಡಿನಲ್ಲೇ ಉಳಿದ. ಅಪ್ಪ ಚೇತರಿಸಿಕೊಂಡು ಮನೆಗೆ ಬಂದ ಮೇಲೆ, ಮೂರು ವಾರಕ್ಕೆ, ನಾನು ಒಬ್ಬಳೇ ಧಾರವಾಡಕ್ಕೆ ಹೋಗಿ ಡಾಕ್ಟರ ಮುಂದೆ ಎಲ್ಲವನ್ನೂ ಒಪ್ಪಿಸಿದೆ. ಅವರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು.

"ಭ್ರಮೆ ಅಂದ್ರ ಪುರಾವೆ ಇಲ್ಲದ ನಂಬಿಕಿ ಅಂತ ನಾ ನಿಮಗ ಹೇಳಿದ್ನಿ ಅಕ್ಕಾರ. ನೀವು ಹೋಗಿ ಪುರಾವೆ ತಯಾರ ಮಾಡಿ ಕೊಟ್ರೆಲ್ಲ!"

ಇನ್ನೇನು ಮಾಡಲಿ ಎಂದು ಕೇಳಿದೆ. ಖರೇ ಹೇಳಿರಿ, ಒಂದನ್ನೂ ಮುಚ್ಚಿಡಬೇಡಿ, ಅಷ್ಟೇ ಉಳಿದದ್ದು ಎಂದರು.

ಬರುವಾಗ ರಾಯಾಪುರದಲ್ಲಿ ಇಳಿದೆ. ತಮ್ಮ ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕೂತು ತಾಮ್ರದ ತಂತಿ ಸುತ್ತುತ್ತಿದ್ದ. ಗುಳಿಗೆಯ ಸ್ಟ್ರಿಪ್ಪನ್ನೂ ಡಾಕ್ಟರ ಬರಹವನ್ನೂ ಅವನ ಮುಂದೆ ಇಟ್ಟು, ಇದೇ ಹಾಕಿದ್ದು, ಇಂಥ ದಿನದಿಂದ ಇಂಥ ದಿನದವರೆಗೆ ಹಾಕಿದ್ದು, ಹಿಂದಿನ ಮನೆಯವರಿಗೆ ಇದರ ಗಾಳಿಯೂ ಗೊತ್ತಿಲ್ಲ, ಹಾಕಿದವಳು ನಾನೊಬ್ಬಳೇ ಎಂದೆ. ತಪ್ಪಾಯಿತು ಎಂದೆ. ಹಿರಿಯಳು, ಟೀಚರು, ಸಿಟ್ಟಿನವಳು. ತಮ್ಮನಿಗೆ ತಪ್ಪಾಯಿತು ಎಂದು ಹೇಳಿದ್ದು ಅದೇ ಮೊದಲು.

ಅವನು ತಂತಿ ಸುತ್ತುತ್ತಲೇ, ನನ್ನನ್ನು ನೋಡದೆ, "ಆ ದಿನಗಳಾಗ ದನಿ ನಿಂತಿದ್ವು" ಎಂದ. "ಈಗ ಮೂರ ವಾರ ಆತು. ಮತ್ತ ಸುರು ಆಗ್ಯಾವ. ಇಲ್ಲೂ ಬರ್ತಾವ." ತಂತಿ ಕೆಳಗಿಟ್ಟ. "ಅಲ್ಲಿಂದ ಇಲ್ಲೀತನಾ ಅವರಿಬ್ಬರೂ ಹೆಂಗ ಬಂದ್ರು?"

ಡಾಕ್ಟರ ಮಾತು ನೆನಪಾಗಿ ನಾನು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಮರುದಿನ ನಾನು ಮತ್ತೆ ಶೆಡ್ಡಿಗೆ ಹೋದಾಗ ಅವನು ತಾನೇ ಧಾರವಾಡದ ಬಸ್ಸು ಹತ್ತಿದ. 'ಬಾ' ಎನ್ನಲಿಲ್ಲ, 'ಬರಬ್ಯಾಡ' ಎಂದೂ ಎನ್ನಲಿಲ್ಲ. ಎರಡು ಸೀಟು ಹಿಂದೆ ಕೂತು ನಾನೂ ಹೋದೆ.

ಅಲ್ಲಿ ಅವನು ಡಾಕ್ಟರನ್ನು ಕೇಳಿದ ಪ್ರಶ್ನೆಗೆ ನಾನು ಬೆಚ್ಚಿಬಿದ್ದೆ. "ಇಲ್ಲದ್ದನ್ನ ನಂಬೂದು ರೋಗ ಅಂತ ಹೇಳಿದ್ರಂತ ನೀವು. ಊಟದಾಗ ಹಾಕಿದ್ದು ಖರೇ ಆತು. ಹಂಗಾರ ನನಗ ರೋಗ ಇಲ್ಲಲ್ರಿ?"

ಡಾಕ್ಟರು ಕುರ್ಚಿಯನ್ನು ಅವನ ಕಡೆ ಎಳೆದುಕೊಂಡರು. ಆಮೇಲೆ ಹೇಳಿದರು. "ನಿಮ್ಮ ಅಕ್ಕಾರು ಹಾಕಿದ್ದು ಖರೇ. ಅದು ನಿಮ್ಮ ರೋಗ ಅಲ್ಲ, ಅವರ ತಪ್ಪು. ಹಿಂದಿನ ಮನಿಯವರು ಹಾಕಿದ್ರು ಅನ್ನೂದು ಖರೇ ಅಲ್ಲ. ಅಕ್ಕಾರು ಹಾಕೂಕಿಂತ ಮೊದಲ ಎಷ್ಟೋ ದಿನದಿಂದ ನೀವು ಅದನ್ನ ನಂಬಿದ್ರಿ. ಅದು ರೋಗ. ಗುಳಿಗಿ ಅದಕ್ಕ ಮತ್ತ ದನಿಗೆ. ಸ್ಟ್ರಿಪ್ ನೀವ ತೊಗೊಳ್ರಿ, ನೀವ ಒಡೀರಿ, ನೀವ ನುಂಗ್ರಿ. ಬ್ಯಾಡ ಅನ್ನಿಸಿದ ದಿನಾ ನನಗ ಹೇಳ್ರಿ."

ಒಪ್ಪಿದ. ಅಂಗಡಿಯಿಂದ ತಾನೇ ಕೊಂಡ, ತಾನೇ ಒಡೆದ, ನೀರನ್ನೂ ತಾನೇ ತಂದುಕೊಂಡ. ಎಲ್ಲರಿಗೂ ಇಷ್ಟು ಸಲೀಸಾಗಿ ಆಗುವುದಿಲ್ಲ ಎಂದು ಡಾಕ್ಟರು ಆಮೇಲೆ ನನಗೆ ಹೇಳಿದರು. ದನಿಗಳು ಒಂದು ತಿಂಗಳಲ್ಲಿ ಅಡಗಿದವು. ನಂಬಿಕೆ ಇಳಿಯಲು ಎಂಟು ತಿಂಗಳು ಹಿಡಿಯಿತು. ಒಂದೇ ದಿನ ಹೋಗಲಿಲ್ಲ. 'ಅವರೇ' ಎನ್ನುತ್ತಿದ್ದವನು 'ಅವರೇನೋ' ಎಂದ. ಆಮೇಲೆ 'ಇರಲಿಕ್ಕಿಲ್ಲ' ಎಂದ. ಆಮೇಲೆ ಆ ಮಾತನ್ನೇ ಎತ್ತಲಿಲ್ಲ. ಮನೆಗೆ ಮರಳಿದ, ಅಪ್ಪನ ಪಕ್ಕ ಮಲಗತೊಡಗಿದ. ಗುಳಿಗೆ ಈಗಲೂ ಇದೆ.

ಹಿತ್ತಿಲ ಪಡಸಾಲೆಯಲ್ಲಿ ತನ್ನದೇ ಒಂದು ಒಲೆ ಹೂಡಿದ್ದಾನೆ. ತನ್ನ ಹಿಟ್ಟು ತಾನೇ ಬೀಸಿಸಿಕೊಂಡು ಬಂದು, ತನ್ನ ರೊಟ್ಟಿ ತಾನೇ ಬಡಿದುಕೊಳ್ಳುತ್ತಾನೆ. ಓಣಿಯ ಹೆಂಗಸರು, "ನಿಮ್ಮ ತಮ್ಮನ ರೊಟ್ಟಿ ನಿಮ್ಮ ರೊಟ್ಟಿಕಿಂತ ತೆಳ್ಳಗ ಅದಾವಲ್ರಿ ಟೀಚರ್" ಎಂದು ಚೇಷ್ಟೆ ಮಾಡುತ್ತಾರೆ. ಅಪ್ಪನಿಗೂ ಅಡಿಗೆ ಅವನದೇ. ನನ್ನ ಒಲೆಯ ಮೇಲೆ ನನಗೊಬ್ಬಳಿಗೆ ಬೇಯುತ್ತದೆ. ಹೋಗಲಿ, ಅದೂ ರೋಗದ ಪಳೆಯುಳಿಕೆ, ಮೆಲ್ಲಗೆ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಕಾಯುತ್ತಿದ್ದೆ.

ಹೋದ ತಿಂಗಳು ಹಿಂದಿನ ಮನೆಯವರ ನೀರಿನ ಪಂಪು ಕೆಟ್ಟಿತು. ತಮ್ಮ ತಾನೇ ಹೋಗಿ ಬಿಚ್ಚಿ, ರಿಪೇರಿ ಮಾಡಿ, ಕೂಡಿಸಿ ಬಂದ. ಮಧ್ಯಾಹ್ನ ಅವರ ಮನೆಯ ಯಜಮಾನಿ ನನಗೆ ಕಂಪೌಂಡಿನ ಮೇಲಿನಿಂದ, "ಎಷ್ಟ ಛಲೋ ಹುಡುಗ್ರಿ ನಿಮ್ಮ ತಮ್ಮ. ಎರಡ ಸಲ ಚಾ ಕುಡದ, ನಮ್ಮ ಮನ್ಯಾಗ ಉಪ್ಪಿಟ್ಟೂ ತಿಂದ" ಎಂದರು.

ಒಂದು ಗಳಿಗೆ ನನಗೆ ಖುಷಿ ಎನಿಸಿತು, ಮರುಗಳಿಗೆಗೆ ತಲೆ ಗಿರ್ರೆಂದಿತು. ವಿಷ ಹಾಕುತ್ತಾರೆ ಎಂದು ಯಾರನ್ನು ಅಂದಿದ್ದನೋ ಅವರ ಮನೆಯಲ್ಲಿ ಉಪ್ಪಿಟ್ಟು! ಸಿಟ್ಟು ತಡೆಯಲಾಗಲಿಲ್ಲ. ಸೀದಾ ಹಿತ್ತಿಲಿಗೆ ನುಗ್ಗಿದೆ. ಅವನು ರೊಟ್ಟಿ ಬಡಿಯುತ್ತಿದ್ದ.

"ಅವರ ಮನ್ಯಾಗ ಚಾ ಕುಡೀತಿ, ಉಪ್ಪಿಟ್ಟ ತಿಂತಿ. ಸಣ್ಣಾಂವ ಇದ್ದಾಗಿಂದ ತುತ್ತ ಮಾಡಿ ಹಾಕಿದಾಕಿ ನಾನು. ನನ್ನ ಕೈಯಾಗಿಂದು ಒಂದ ರೊಟ್ಟಿ ತಿನ್ನಾಕ ನಿನಗ ಏನ ಆಗೇತಿ?"

ಅವನು ಕೈ ನಿಲ್ಲಿಸಿದ. ಹಿಟ್ಟಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡು ನನ್ನನ್ನು ನೋಡಿದ. ಸಿಟ್ಟಿರಲಿಲ್ಲ, ಹೆದರಿಕೆ ಇರಲಿಲ್ಲ. ಕಣ್ಣು ತಿಳಿಯಾಗಿದ್ದವು, ಎಷ್ಟೋ ವರ್ಷಗಳ ಹಿಂದಿನ ನನ್ನ ತಮ್ಮನವೇ ಕಣ್ಣು.

"ಅವರ ಮ್ಯಾಲಿನ ಸಂಶಯ ರೋಗ ಆಗಿತ್ತು ಅಕ್ಕಾ. ಗುಳಿಗಿ ತೊಗೊಂಡ್ನಿ, ಹೋತು" ಎಂದ. "ನಿನ್ನ ಮ್ಯಾಲಿಂದು ರೋಗ ಅಲ್ಲಲ್ಲ. ಅದಕ್ಕ ಯಾವ ಗುಳಿಗಿ ತೊಗೊಳ್ಲಿ, ಹೇಳು."